ಕುಡಿದ ರಾತ್ರಿಗೆ ಪಾಲಿಸಿ ಇಲ್ಲ

ಕುಡಿದು ಕಾರು ಓಡಿಸಿ ಮೊದಲ ಸಲ ಸಿಕ್ಕಿಬಿದ್ದರೆ ವಿಮೆಯ ಕಂತು ಎಷ್ಟು ಏರುತ್ತದೆ? ಅಮೆರಿಕದಲ್ಲಾದರೆ ವರ್ಷಗಟ್ಟಲೆ ಏರಿಯೇ ಇರುತ್ತದೆ. ನಮ್ಮಲ್ಲಿ ಬಹುಮಟ್ಟಿಗೆ ಒಂದು ರೂಪಾಯಿಯೂ ಏರುವುದಿಲ್ಲ. ಥರ್ಡ್ ಪಾರ್ಟಿ ಕಂತನ್ನು ಗೊತ್ತುಮಾಡುವುದು ಕೇಂದ್ರ ಸರಕಾರ. ಸಾವಿರದಿಂದ ಸಾವಿರದೈನೂರು ಸಿಸಿಯ ಖಾಸಗಿ ಕಾರಿಗೆ 2022ರ ಜೂನ್‌ನಲ್ಲಿ ನಿಗದಿಯಾದದ್ದು 3,416 ರೂಪಾಯಿ. ಗಂಜಿ ಕುಡಿದವನಿಗೂ ಅಷ್ಟೇ, ಬೇರೇನೋ ಕುಡಿದವನಿಗೂ ಅಷ್ಟೇ. ನೋ ಕ್ಲೇಮ್ ಬೋನಸ್ ಹೋಗುವುದು ಕ್ಲೇಮ್ ಮಾಡಿದಾಗ, ಪೊಲೀಸ್ ಕೇಸ್ ಆದಾಗ ಅಲ್ಲ. ಸಂಚಾರ ತಪ್ಪುಗಳಿಗೆ ಅಂಕ ಹಾಕಿ ಕಂತು ಏರಿಸುವ ಕರಡೊಂದನ್ನು 2021ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರದ ಸಮಿತಿ ಮುಂದಿಟ್ಟಿತ್ತು. ಅದರಲ್ಲಿ ಕುಡಿದು ಓಡಿಸಿದರೆ ನೂರು ಅಂಕ, ತಪ್ಪು ಜಾಗದಲ್ಲಿ ನಿಲ್ಲಿಸಿದರೆ ಹತ್ತು.

ಹಾಗಾದರೆ ಸಲೀಸಾಯಿತು ಅಂದುಕೊಳ್ಳಬೇಡಿ. ನಮ್ಮಲ್ಲಿ ಪೆಟ್ಟು ಬೀಳುವುದು ಕಂತಿಗಲ್ಲ, ಪಾಲಿಸಿಗೇ.

ಹಂಗಾರಕಟ್ಟೆಯಲ್ಲಿ ನಮ್ಮ ನೆರೆಮನೆಯವರೊಬ್ಬರು ಮೆಹಂದಿ ಮುಗಿಸಿ ನಡುರಾತ್ರಿ ಬರುವಾಗ ಮಾಬುಕಳ ದಾಟಿದ ಮೇಲೆ ಕಾರನ್ನು ಮೋರಿಕಟ್ಟೆಗೆ ಹೊಡೆದರು. ಬೇರೆ ಯಾರಿಗೂ ಏನೂ ಆಗಲಿಲ್ಲ, ಇವರ ಹಣೆಗೆ ನಾಲ್ಕು ಹೊಲಿಗೆ. ಕಾರಿನ ಮುಂಭಾಗ ಮಾತ್ರ ಪೂರಾ ಹೋಗಿತ್ತು. ಊರವರ ಫಾರಂ, ನೋಟಿಸು ಓದಿ ಹೇಳುವುದು ನನಗೆ ಅಭ್ಯಾಸವಾದ್ದರಿಂದ ಕ್ಲೇಮ್ ತಿರಸ್ಕರಿಸಿದ ಪತ್ರ ನನ್ನ ಜಗಲಿಗೆ ಬಂತು.

"ಹ್ವಾಯ್, ಪೊಲೀಸ್ರ್ ನಂಗೆ ಊದ್ಸಲೇ ಇಲ್ಲ. ಇವ್ರಿಗೆ ಹ್ಯಾಂಗ್ ಗೊತ್ತಾಯ್ತ್?"

ಗೊತ್ತಾದದ್ದು ಆಸ್ಪತ್ರೆಯ ಚೀಟಿಯಿಂದ. ಹೊಲಿಗೆ ಹಾಕಿದ ಡಾಕ್ಟರು ಮದ್ಯದ ವಾಸನೆ ಇತ್ತು ಎಂದು ಒಂದು ಸಾಲು ಬರೆದಿದ್ದರು. ಅಷ್ಟು ಸಾಕೇ? ಸಾಕಾಗಬಹುದು. 2007ರ ಡಿಸೆಂಬರ್‌ನಲ್ಲಿ ದೆಹಲಿಯ ಇಂಡಿಯಾ ಗೇಟ್ ಹತ್ತಿರ ಒಂದು ಪೋರ್ಶೆ ಕಾರು ಫುಟ್‌ಪಾತಿಗೆ ಬಡಿದು ಮಗುಚಿ ಸುಟ್ಟುಹೋಗಿತ್ತು. ರಕ್ತಪರೀಕ್ಷೆಯೂ ಇರಲಿಲ್ಲ, ಉಸಿರಿನ ಪರೀಕ್ಷೆಯೂ ಇರಲಿಲ್ಲ. ಆದರೂ ವೈದ್ಯಕೀಯ ದಾಖಲೆಯಲ್ಲಿದ್ದ ವಾಸನೆಯ ಮಾತು, ಅಪಘಾತ ಆದ ರೀತಿ ಎರಡನ್ನೂ ತೂಗಿ 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ವಿಮಾ ಕಂಪನಿಯ ಪರ ತೀರ್ಪು ಕೊಟ್ಟಿತು. ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಎಂಬುದು ಕ್ರಿಮಿನಲ್ ಕೇಸಿನ ಅಳತೆ. ಪಾಲಿಸಿಯ ಷರತ್ತು ಕೇಳುವುದು ಅಮಲಿನ ಪ್ರಭಾವವಿತ್ತೇ ಎಂದಷ್ಟೇ. ನೆರೆಯವರು ಸೊಸೈಟಿಯಲ್ಲಿ ಸಾಲ ತೆಗೆದು ಕಾರು ರಿಪೇರಿ ಮಾಡಿಸಿದರು. ಐದು ವರ್ಷ ತಪ್ಪದೆ ಕಂತು ಕಟ್ಟಿದ್ದೇನೆ ಎಂಬ ಅವರ ವಾದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ, ಕಂಪನಿಗೆ ಅದು ಬೇಕಾಗಿಯೂ ಇರಲಿಲ್ಲ.

ಮೋರಿಯ ಜಾಗದಲ್ಲಿ ಮನುಷ್ಯ ಇದ್ದಿದ್ದರೆ ಲೆಕ್ಕವೇ ಬೇರೆ. ಸಂತ್ರಸ್ತರಿಗೆ ಕಂಪನಿ ಮೊದಲು ಪರಿಹಾರ ಕೊಡಬೇಕು, ಆಮೇಲೆ ಮಾಲೀಕ ಮತ್ತು ಚಾಲಕರಿಂದ ವಸೂಲಿ ಮಾಡಿಕೊಳ್ಳಬಹುದು ಎಂದು ಕೇರಳ ಹೈಕೋರ್ಟ್ 2023ರಲ್ಲಿ ಹೇಳಿದೆ. ಸಾವಿನ ಪ್ರಕರಣದ ಪರಿಹಾರ ಹತ್ತಾರು ಲಕ್ಷಕ್ಕೆ ಹೋಗುವುದು ಅಪರೂಪವಲ್ಲ. ಕುಡಿದ ಗೆಳೆಯನಿಗೆ ಕೀಲಿ ಕೊಟ್ಟ ಮಾಲೀಕನೂ ಇದರಿಂದ ಪಾರಾಗುವುದಿಲ್ಲ. 15 ಲಕ್ಷದ ವೈಯಕ್ತಿಕ ಅಪಘಾತ ವಿಮೆಗೂ ಅಮಲಿನ ಇದೇ ಷರತ್ತು. ಓಡಿಸಿದವನೇ ಸತ್ತರೆ ಮನೆಯವರಿಗೆ ಅದೂ ಇಲ್ಲ.

ಮೊದಲ ಅಪರಾಧಕ್ಕೆ ಕೋರ್ಟು 10,000 ರೂಪಾಯಿ ದಂಡ, ಆರು ತಿಂಗಳ ತನಕ ಜೈಲು, ಅಥವಾ ಎರಡೂ ವಿಧಿಸಬಹುದು. ಜನ ದಂಡ ಕಟ್ಟಿ ಕೇಸು ಮರೆಯುತ್ತಾರೆ. ಮರೆಯಬಾರದ್ದು ಲೈಸೆನ್ಸ್ ಅಮಾನತು, ಸಾಮಾನ್ಯವಾಗಿ ಮೂರು ತಿಂಗಳು. ಆ ಅವಧಿಯಲ್ಲಿ ಹಾಲು ಡೈರಿಗೆಂದು ಪೂರ್ತಿ ಎಚ್ಚರದಲ್ಲೇ ಕಾರು ತೆಗೆದು ಗುದ್ದಿದರೂ, ಲೈಸೆನ್ಸ್ ಇಲ್ಲದವನು ಓಡಿಸಿದ ಎಂದು ಕ್ಲೇಮ್ ಮತ್ತೆ ಬೀಳುತ್ತದೆ.

ಮೆಹಂದಿ ಇಟ್ಟುಕೊಳ್ಳುವ ಮನೆಯವರಿಗೆ ಒಂದು ಮಾತು. ಡಿಜೆಗೆ, ಲೈಟಿಂಗಿಗೆ ಧಾರಾಳವಾಗಿ ಸುರಿಯುತ್ತೀರಿ. ಜೊತೆಗೆ ನೆಂಟರನ್ನು ಮನೆ ಮುಟ್ಟಿಸಲು ಕುಡಿಯದ ಡ್ರೈವರ್ ಇರುವ ಒಂದು ಟೆಂಪೋವನ್ನೂ ಗೊತ್ತುಮಾಡಿ. ಅದರ ಬಾಡಿಗೆ ಒಂದು ಬಂಪರಿನ ಬೆಲೆಗಿಂತ ಕಡಿಮೆ.