ದೇವರ ಚಿತ್ತ ಕೇಳುತ್ತಿರುವ ಹುಡುಗಿಗೆ

ಪ್ರೀತಿಯ ಮಗಳೇ,

ನಿನ್ನ ಪತ್ರಕ್ಕೆ ಪತ್ರಿಕೆಯಲ್ಲೇ ಉತ್ತರ ಬರೆಯುತ್ತಿದ್ದೇನೆ. ನಿನ್ನಂತೆ ಕೇಳುವವರು ಈಗ ಪ್ರತಿ ಸಭೆಯಲ್ಲೂ ಇದ್ದಾರೆ. ಹೆಸರು, ಊರು ಬಿಟ್ಟಿದ್ದೇನೆ, ಹೆದರಬೇಡ.

ಜರ್ಮನಿಯ ಆಸ್ಪತ್ರೆಯಿಂದ ನರ್ಸ್ ಕೆಲಸಕ್ಕೆ ಕರೆ ಬಂದಿದೆ, ಬಿ2 ಭಾಷಾ ಪರೀಕ್ಷೆಯೂ ಪಾಸಾಗಿದೆ, ಇತ್ತ ಮನೆಯಲ್ಲಿ ಅಮ್ಮ ಒಬ್ಬರೇ. ಉಪವಾಸವಿದ್ದು ಪ್ರಾರ್ಥಿಸಿದರೂ ದೇವರ ಚಿತ್ತ ತಿಳಿಯುತ್ತಿಲ್ಲ ಎಂದಿದ್ದೀ. ಕಣ್ಣು ಮುಚ್ಚಿ ಸತ್ಯವೇದ ತೆರೆದು ಬೆರಳಿಟ್ಟರೆ ಅರಣ್ಯಕಾಂಡದ ಜನಗಣತಿ ಬಂತು ಎಂದು ಬರೆದದ್ದನ್ನು ಓದಿ ನಗು ತಡೆಯಲಾಗಲಿಲ್ಲ. ಬಹುಶಃ ದೇವರಿಗೂ ನಗು ಬಂದಿರಬೇಕು.

ಗುರುತು ಕೇಳುವುದು ಹೊಸ ಚಾಳಿಯೇನಲ್ಲ. ಸತ್ಯವೇದದ ಗಿದ್ಯೋನನು ಕಣದಲ್ಲಿ ಉಣ್ಣೆ ಹರಡಿ, ಒಂದು ರಾತ್ರಿ ಉಣ್ಣೆ ಮಾತ್ರ ನೆನೆಯಲಿ, ಇನ್ನೊಂದು ರಾತ್ರಿ ನೆಲ ಮಾತ್ರ ನೆನೆಯಲಿ ಎಂದು ಕೇಳಿದ. ಆದರೆ ಕಥೆಯನ್ನು ಮೊದಲಿನಿಂದ ಓದು. ಎಲ್ಲಿಗೆ ಹೋಗಬೇಕೆಂದು ಅವನಿಗೆ ಆಗಲೇ ಹೇಳಿಯಾಗಿತ್ತು. ಅವನಿಗೆ ಸಾಲದಿದ್ದದ್ದು ಧೈರ್ಯ. ಜರ್ಮನಿಯ ಹೆರ್ನ್‌ಹುಟ್‌ನ ಮೊರೇವಿಯನ್ ಸಭೆಯವರು 18ನೇ ಶತಮಾನದಲ್ಲಿ ಮದುವೆಗೂ ಚೀಟಿ ಎತ್ತುತ್ತಿದ್ದರು. ಮುಂದೆ ತಾವೇ ಆ ಪದ್ಧತಿ ಬಿಟ್ಟರು. ದಿನಕ್ಕೊಂದು ವಚನ ಕೊಡುವ ಅವರ ಪುಸ್ತಕ ಮಾತ್ರ 1731ರಿಂದ ಈಗಲೂ ಅಚ್ಚಾಗುತ್ತಿದೆ. ನಮ್ಮಲ್ಲಿ ಹೊಸವರ್ಷದ ಆರಾಧನೆಯಲ್ಲಿ ಎತ್ತುವ ವಾಗ್ದಾನದ ಕಾರ್ಡನ್ನೂ ಹಾಗೆಯೇ ಇಟ್ಟುಕೋ. ಓದಿ ಬಲ ಪಡೆದುಕೋ, ವೀಸಾ ಅರ್ಜಿಯ ತೀರ್ಮಾನವನ್ನು ಅದರ ಮೇಲೆ ಹೊರಿಸಬೇಡ.

‘ಕರುಣಾಳು ಬಾ ಬೆಳಕೆ’ ನಿನಗೂ ಬಾಯಿಪಾಠ ಇರಬೇಕು. ಬಿ.ಎಂ.ಶ್ರೀ. ಅದನ್ನು ಕನ್ನಡಕ್ಕೆ ತಂದ ಮೇಲೆ ಎಲ್ಲ ಮತದ ಮಕ್ಕಳೂ ಹಾಡಿದರು. ಅದು ಹುಟ್ಟಿದ ಬಗೆ ಕೇಳು. ಇಂಗ್ಲಿಷ್ ಮೂಲ ಬರೆದ ಜಾನ್ ಹೆನ್ರಿ ನ್ಯೂಮನ್ ಆಗ 32 ವರ್ಷದ ಆಂಗ್ಲಿಕನ್ ಪಾದ್ರಿ, ಆಕ್ಸ್‌ಫರ್ಡಿನವರು. ಗೆಳೆಯರೊಡನೆ ಮೆಡಿಟರೇನಿಯನ್ ಪ್ರವಾಸಕ್ಕೆ ಹೋದವರು, ಗೆಳೆಯರು ಊರ ದಾರಿ ಹಿಡಿದಾಗ ತಾವೊಬ್ಬರೇ ಸಿಸಿಲಿಗೆ ಮರಳಿದರು. ಅಲ್ಲಿ ಜ್ವರ ಹಿಡಿಯಿತು. ಇವರು ಉಳಿಯುವುದಿಲ್ಲ ಎಂದೇ ಜೊತೆಗಿದ್ದ ಆಳು ತಿಳಿದಿದ್ದ. ಚೇತರಿಸಿಕೊಂಡು ಪಲೆರ್ಮೊಗೆ ಬಂದರೆ ಹಡಗಿಲ್ಲ, ಮೂರು ವಾರ ಕಾಯಬೇಕಾಯಿತು. ಕೊನೆಗೆ ಸಿಕ್ಕಿದ್ದು ಮಾರ್ಸೇಲ್ಸಿಗೆ ಕಿತ್ತಳೆ ಸಾಗಿಸುವ ಹಾಯಿ ಹಡಗು. ಅದೂ ಬೊನಿಫಾಸಿಯೊ ಜಲಸಂಧಿಯಲ್ಲಿ ಗಾಳಿ ಬಿದ್ದುಹೋಗಿ ಒಂದು ವಾರ ನಿಂತೇ ಇತ್ತು. ಆ ಕವಿತೆಯನ್ನು ಬರೆದದ್ದು ಆ ಪ್ರಯಾಣದಲ್ಲಿ, 1833ರ ಜೂನ್ 16ರಂದು. ಗಾಳಿ ಬೀಸಲಿ ಎಂದು ಅದರಲ್ಲಿ ಎಲ್ಲೂ ಕೇಳಿಲ್ಲ. ಕೊನೆಯ ನಿಲ್ದಾಣ ತೋರಿಸು ಎಂದೂ ಇಲ್ಲ. ಮುಂದಿನ ಕಾಲು ಎಲ್ಲಿಡಬೇಕೆಂದು ಕಂಡರೆ ಆಯಿತು, ಅಷ್ಟೇ.

ಅವರು ಊರು ಸೇರಿದ್ದು ಜುಲೈಯಲ್ಲಿ. ಕೆಲವೇ ದಿನಗಳಲ್ಲಿ ಆಕ್ಸ್‌ಫರ್ಡ್ ಚಳವಳಿ ಶುರುವಾಯಿತು. ತಮ್ಮ ಸಭೆಯನ್ನು ಬಲಪಡಿಸುವುದೇ ದೇವರು ತಮಗೆ ಕೊಟ್ಟ ಕೆಲಸ ಎಂದು ನಂಬಿ ದುಡಿದರು. ಅದೇ ದಾರಿ 1845ರ ಅಕ್ಟೋಬರಿನಲ್ಲಿ ಅವರನ್ನು ಕಥೋಲಿಕ ಸಭೆಯ ಬಾಗಿಲಿಗೆ ತಂದು ನಿಲ್ಲಿಸಿತು. ಆಕ್ಸ್‌ಫರ್ಡ್ ಹೋಯಿತು, ಗೆಳೆಯರು ಬಿಟ್ಟರು, ಒಬ್ಬ ತಂಗಿ ಸಂಬಂಧವನ್ನೇ ಕಡಿದುಕೊಂಡಳು. ಇದೆಲ್ಲ ಮೊದಲೇ ಕಂಡಿದ್ದರೆ, ಆಗ ರೋಮಿನ ಸಭೆಯನ್ನು ಟೀಕಿಸುತ್ತಿದ್ದ ಆ ಮನುಷ್ಯ ಹೌಹಾರಿ ಸಿಸಿಲಿಯಲ್ಲೇ ಕೂತುಬಿಡುತ್ತಿದ್ದರೋ ಏನೋ! ನಾನು ಪ್ರೊಟೆಸ್ಟೆಂಟ್ ಸಭೆಯವನು, ಅವರು ಸೇರಿದ ಮನೆ ನನ್ನದಲ್ಲ. ಆದರೂ ದೇವರು ಪೂರ್ತಿ ದಾರಿಯನ್ನು ತೋರಿಸದೆ ಇರುವುದು ಅನೇಕ ಸಲ ನಮ್ಮ ಮೇಲಿನ ಕರುಣೆಯಿಂದಲೇ ಎಂದು ನಾನು ನಂಬಿರುವುದಕ್ಕೆ ಅವರ ಜೀವನವೂ ಒಂದು ಕಾರಣ.

ಹಾಗಾದರೆ ಏನೆಂದು ಪ್ರಾರ್ಥಿಸಲಿ ಎನ್ನುತ್ತೀ. ಇದಕ್ಕೆ ಇಗ್ನೇಷಿಯಸ್ ಲೊಯೋಲರಷ್ಟು ಕೆಲಸಕ್ಕೆ ಬರುವ ಮಾತು ಹೇಳಿದವರು ಕಡಿಮೆ. 1521ರಲ್ಲಿ ಪಾಂಪ್ಲೋನಾದ ಕೋಟೆಯಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದು ಮಲಗಿದ್ದ ಸಿಪಾಯಿ ಅವರು. ಹೊತ್ತು ಕಳೆಯಲು ಹಗಲುಗನಸು ಕಾಣುತ್ತಿದ್ದರು. ದರ್ಬಾರಿನ ಹೆಣ್ಣನ್ನು ಮೆಚ್ಚಿಸುವ ಕನಸು ಕಾಣುವಾಗ ಸಿಹಿ, ಆಮೇಲೆ ಮನಸ್ಸು ಬರಡು. ಸಂತರಂತೆ ಬದುಕುವ ಯೋಚನೆ ಮಾಡಿದರೆ ಆಮೇಲೂ ನೆಮ್ಮದಿ. ಈ ವ್ಯತ್ಯಾಸವನ್ನು ಗಮನಿಸಿದ್ದರಿಂದಲೇ ಮುಂದೆ ಅವರ ‘ಆತ್ಮಿಕ ಸಾಧನೆ’ಯ ಪುಸ್ತಕ ಬೆಳೆಯಿತು. ಅದರಲ್ಲಿ ಎರಡು ಸಲಹೆ ನಿನಗೆಂದೇ ಬರೆದಂತಿವೆ. ಮನಸ್ಸು ಕುಗ್ಗಿರುವಾಗ, ನೆಮ್ಮದಿಯಲ್ಲಿದ್ದಾಗ ಮಾಡಿದ ತೀರ್ಮಾನವನ್ನು ಬದಲಿಸಬೇಡ. ಮತ್ತೆ, ಪರಿಚಯವೇ ಇಲ್ಲದ ಒಬ್ಬರು ಇದೇ ಪ್ರಶ್ನೆ ತಂದರೆ ಏನು ಹೇಳುತ್ತೀಯೋ ಅದನ್ನೇ ನಿನಗೂ ಹೇಳಿಕೋ. ಹಾಗಾಗಿ ನನ್ನ ಸಲಹೆ ಇಷ್ಟು: ಹೋಗುವೆನೆಂದು ಒಂದು ದಿನವಿಡೀ ಅಂದುಕೊಂಡು ಇರು, ಸಂಜೆ ಪ್ರಾರ್ಥನೆಗೆ ಕೂತಾಗ ಮನಸ್ಸು ಹೇಗಿದೆ ನೋಡು. ಮರುದಿನ, ಹೋಗುವುದಿಲ್ಲ ಎಂದುಕೊಂಡು ಇರು.

ಪ್ರಾರ್ಥನಾ ಕೂಟದಲ್ಲಿ ಒಬ್ಬರು ನಿನ್ನ ತಲೆಯ ಮೇಲೆ ಕೈಯಿಟ್ಟು, ದೇವರು ನಿನಗೆ ವಿದೇಶದ ಬಾಗಿಲು ತೆರೆದಿದ್ದಾರೆ ಎಂದರಂತೆ. ಇರಬಹುದು. ರಾತ್ರಿ ಅಮ್ಮನಿಗೆ ಆಸ್ತಮಾದಿಂದ ಉಸಿರು ಕಟ್ಟಿದರೆ, ಹಾಗೆ ಹೇಳಿದವರು ಬಾಗಿಲು ತೆರೆದು ಬರುತ್ತಾರಾ ಎಂದೂ ಕೇಳು.

ಉತ್ತರ ಬರಲಿಲ್ಲವೆಂದರೆ ದೇವರಿಗೆ ಸಿಟ್ಟು ಎಂದೂ ತಿಳಿಯಬೇಡ. ಗೆತ್ಸೇಮನೆಯಲ್ಲಿ ಯೇಸು ಮೂರು ಸಲ ಪ್ರಾರ್ಥಿಸಿದ, ಸಂಕಟದ ಪಾತ್ರೆ ತೊಲಗಲಿಲ್ಲ. ಎದ್ದು ಶಿಷ್ಯರನ್ನು ಎಬ್ಬಿಸಿ ನಡೆದ.

ಇನ್ನೊಂದು ಮಾತು. ನಿನ್ನ ಪತ್ರದಲ್ಲಿ ಸಂಬಳ, ಒಪ್ಪಂದ, ಏಜೆನ್ಸಿಯ ವಿಚಾರ ಒಂದು ಪುಟವಿದೆ. ಅಮ್ಮನ ಆಸ್ತಮಾ ಅರ್ಧ ವಾಕ್ಯದಲ್ಲಿ ಮುಗಿದಿದೆ. ಅದರ ಬಗ್ಗೆ ನೀನು ದೇವರೊಡನೆಯೂ ಇನ್ನೂ ಪೂರ್ತಿ ಮಾತಾಡಿಲ್ಲ ಎಂದು ನನ್ನ ಗುಮಾನಿ. ಅಮ್ಮನೊಡನೆಯಂತೂ ಇಲ್ಲವೇ ಇಲ್ಲ, ಅವರ ಅಭಿಪ್ರಾಯ ಪತ್ರದಲ್ಲಿ ಎಲ್ಲೂ ಕಾಣಲಿಲ್ಲ. ಈ ಭಾನುವಾರ ಆರಾಧನೆ ಮುಗಿದ ಮೇಲೆ ಕೇಳು. ಕೆಲಸಕ್ಕೆ ಸೇರುವ ದಿನವನ್ನು ಮುಂದೂಡಬಹುದೇ ಎಂದು ಆಸ್ಪತ್ರೆಗೂ ಬರೆದು ನೋಡು. ಅವರೇನೆಂದರು, ಅಮ್ಮ ಏನೆಂದರು, ಎರಡನ್ನೂ ನನಗೆ ತಿಳಿಸು.

ನಿನ್ನ ದೊಡ್ಡಪ್ಪ