ಮಾತಿನ ಸರಪಣಿ ಕ್ರಿಯೆ

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ ಮತ್ತು ಮುಂಡಗೋಡ ತಾಲ್ಲೂಕುಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು, ಟಿಬೆಟನ್ ಮುಂತಾದ ಹಲವು ಭಾಷೆಗಳು ಅಕ್ಕಪಕ್ಕದಲ್ಲಿ ಬಾಳುತ್ತಿವೆ. ಇಲ್ಲಿನ ಯಾವುದಾದರೊಂದು ಕಾಲೇಜಿನ ವಿದ್ಯಾರ್ಥಿಗಳು ಸೇರಿ ಒಂದು ವಾಟ್ಸ್‌ಆ್ಯಪ್ ಗುಂಪನ್ನು ಕಟ್ಟಿಕೊಂಡಿದ್ದಾರೆಂದು ಭಾವಿಸೋಣ. ಪಾಠದ ಟಿಪ್ಪಣಿ, ಬಸ್ಸಿನ ವೇಳೆ, ಕ್ರಿಕೆಟ್ ಪಂದ್ಯ—ಎಲ್ಲವೂ ಅಲ್ಲಿ ಮಾತಿಗೆ ಬರುತ್ತವೆ. ಸ್ನೇಹದಿಂದ ಮೊದಲಾದ ಇಂತಹ ಹರಟೆಯು ಐದೇ ನಿಮಿಷಗಳಲ್ಲಿ ಜಗಳವಾಗಿ ಮಾರ್ಪಡುವುದು ವಾಚಕರಿಗೆ ಹೊಸ ಸಂಗತಿಯೇನಲ್ಲ. ಅದಕ್ಕೆ ಸದಸ್ಯರ ಸ್ವಭಾವವೇ ಕಾರಣವೆಂದು ಹೇಳಿ ಸುಮ್ಮನಾಗುವುದು ವಾಡಿಕೆ. ಆದರೆ ಅದೇ ವಿದ್ಯಾರ್ಥಿಗಳು ಎದುರುಬದುರಾಗಿ ಕುಳಿತಾಗ ಅಷ್ಟು ಬೇಗನೆ ಕಾದಾಡುವುದಿಲ್ಲ. ಆದಕಾರಣ ದೋಷವನ್ನು ವ್ಯಕ್ತಿಗಳಲ್ಲಿ ಮಾತ್ರವಲ್ಲದೆ ಮಾತು ಹರಿಯುವ ಕ್ರಮದಲ್ಲಿಯೂ ಹುಡುಕಬೇಕಾಗುತ್ತದೆ. ಈ ಹುಡುಕಾಟದಲ್ಲಿ ಭೌತವಿಜ್ಞಾನದ ಒಂದು ಪಾಠ ನಮಗೆ ನೆರವಾಗಬಲ್ಲುದು.

ಜೋಯಿಡಾದಲ್ಲಿ ಹುಟ್ಟಿ ದಾಂಡೇಲಿಯನ್ನು ಹಾದು ಹರಿಯುವ ಕಾಳೀ ನದಿಯ ದಡದಲ್ಲಿಯೇ, ಕೆಳಗೆ ಕಾರವಾರ ತಾಲ್ಲೂಕಿನ ಕೈಗಾದಲ್ಲಿ, ತಲಾ 220 ಮೆಗಾವ್ಯಾಟ್ ಸಾಮರ್ಥ್ಯದ ನಾಲ್ಕು ಪರಮಾಣು ರಿಯಾಕ್ಟರುಗಳಿವೆ. ಇವುಗಳಲ್ಲಿ ಮೊದಲನೆಯ ಘಟಕವು 2018ರ ಡಿಸೆಂಬರ್ 31ರವರೆಗೆ ಸತತವಾಗಿ 962 ದಿನಗಳು ನಿಲ್ಲದೆ ನಡೆದು ಆ ಕಾಲದ ವಿಶ್ವದಾಖಲೆಯನ್ನು ಸ್ಥಾಪಿಸಿತು. ಒಂದು ನ್ಯೂಟ್ರಾನು ಯುರೇನಿಯಂ-235ರ ಬೀಜವನ್ನು ಒಡೆದಾಗ ಸರಾಸರಿ ಸುಮಾರು 2.4 ಹೊಸ ನ್ಯೂಟ್ರಾನುಗಳು ಹೊರಬೀಳುತ್ತವೆ. ಅವುಗಳಲ್ಲಿ ಮುಂದಿನ ಒಡೆಯುವಿಕೆಗೆ ಕಾರಣವಾಗುವವು ಎಷ್ಟು ಎಂಬುದೇ ಮುಖ್ಯ ಪ್ರಶ್ನೆ. ಈ ಸಂಖ್ಯೆಯನ್ನು ಗುಣಕಾಂಕವೆಂದು ಕರೆಯೋಣ. ಅದು ಒಂದಕ್ಕಿಂತ ಕಡಿಮೆಯಾದರೆ ಕ್ರಿಯೆ ತಾನಾಗಿ ಆರಿಹೋಗುತ್ತದೆ; ಸರಿಯಾಗಿ ಒಂದಾಗಿದ್ದರೆ ಸಮನಾಗಿ ನಡೆಯುತ್ತದೆ; ಒಂದನ್ನು ಮೀರಿದರೆ ಬೆಳೆಯುತ್ತ ಹೋಗುತ್ತದೆ. ನ್ಯೂಟ್ರಾನುಗಳನ್ನು ಹೀರುವ ದಂಡಗಳನ್ನು ಒಳಗೆ ಇಳಿಸಿ ಹೊರಗೆ ಎಳೆದು ಈ ಸಂಖ್ಯೆಯನ್ನು ಹತೋಟಿಯಲ್ಲಿಡುತ್ತಾರೆ.

ಈಗ ಇದೇ ಲೆಕ್ಕವನ್ನು ಮಾತಿಗೆ ಅನ್ವಯಿಸೋಣ. ಒಂದು ಕಟುವಾದ ಮಾತು ಸರಾಸರಿ ಎರಡು ಕಟುವಾದ ಉತ್ತರಗಳನ್ನು ಹುಟ್ಟಿಸಿದರೆ, ಹತ್ತನೆಯ ಮೆಟ್ಟಿಲಿನಲ್ಲಿಯೇ 1,024 ಮಾತುಗಳಾಗುತ್ತವೆ. ಸರಾಸರಿಯು 0.9ಕ್ಕೆ ಇಳಿದರೆ, ಆ ಜಗಳದ ಆದ್ಯಂತ ಒಟ್ಟು ಮಾತುಗಳು ಹತ್ತನ್ನು ದಾಟುವುದಿಲ್ಲ. 0.5ಕ್ಕೆ ಇಳಿದರೆ ಒಟ್ಟು ಎರಡೇ. ಇದರಿಂದ ತಿಳಿಯತಕ್ಕ ಅಂಶವೇನೆಂದರೆ, ಗುಂಪಿನಲ್ಲಿ ಕಟುನುಡಿ ಎಂದೆಂದಿಗೂ ಹುಟ್ಟದಂತೆ ಮಾಡುವುದು ಅಗತ್ಯವೂ ಅಲ್ಲ, ಸಾಧ್ಯವೂ ಅಲ್ಲ. ಅದರ ಗುಣಕಾಂಕವನ್ನು ಒಂದಕ್ಕಿಂತ ಕೆಳಗಿಟ್ಟರೆ ಸಾಕು. ಇದಕ್ಕೆ ಪ್ರತಿಯಾಗಿ, ಒಳ್ಳೆಯ ಪ್ರಶ್ನೆಗೆ ಸರಾಸರಿ ಒಂದಾದರೂ ಒಳ್ಳೆಯ ಉತ್ತರ ಬಾರದಿದ್ದರೆ ಗುಂಪು ಸದ್ದಿಲ್ಲದೆ ಸತ್ತುಹೋಗುತ್ತದೆ. ಎಲ್ಲರ ಬಾಯಿಯನ್ನೂ ಮುಚ್ಚಿಸುವುದು ನಿರ್ವಹಣೆಯಲ್ಲ. ಅದು ರಿಯಾಕ್ಟರನ್ನೇ ಆರಿಸಿದಂತೆ.

ಗುಣಕಾಂಕದಷ್ಟೇ ಮಹತ್ವದ್ದು ಕಾಲ. ಒಡೆಯುವಿಕೆಯಲ್ಲಿ ಹುಟ್ಟುವ ಸಾವಿರ ನ್ಯೂಟ್ರಾನುಗಳಲ್ಲಿ ಆರೇಳು ಮಾತ್ರ ಒಡನೆಯೇ ಬಾರದೆ, ಒಡೆದ ತುಣುಕುಗಳಿಂದ ಕೆಲವು ಸೆಕೆಂಡುಗಳ ಅನಂತರ, ಕೆಲವೊಮ್ಮೆ ಒಂದು ನಿಮಿಷದ ಅನಂತರ ಹೊರಬೀಳುತ್ತವೆ. ಇವನ್ನು ವಿಳಂಬಿತ ನ್ಯೂಟ್ರಾನುಗಳೆನ್ನುತ್ತಾರೆ. ಇವು ಇಲ್ಲದಿದ್ದರೆ, ಒಂದು ಪೀಳಿಗೆಗೆ ಸೆಕೆಂಡಿನ ಸಾವಿರದ ಒಂದು ಭಾಗ ಹಿಡಿಯುವ ರಿಯಾಕ್ಟರಿನಲ್ಲಿ ಗುಣಕಾಂಕವು 1.001 ಆದೊಡನೆ ಶಕ್ತಿಯು ಒಂದೇ ಸೆಕೆಂಡಿನಲ್ಲಿ ಸುಮಾರು 2.7 ಪಟ್ಟು ಬೆಳೆದುಬಿಡುತ್ತಿತ್ತು. ವಿಳಂಬಿತ ನ್ಯೂಟ್ರಾನುಗಳ ದೆಸೆಯಿಂದ ಆ ಬೆಳವಣಿಗೆ ಬಹಳ ನಿಧಾನವಾಗುತ್ತದೆ. ಸಾವಿರದಲ್ಲಿ ಆರೇಳರ ಸಾವಧಾನವು ಇಡೀ ಯಂತ್ರವನ್ನು ಮನುಷ್ಯನ ಹತೋಟಿಗೆ ತಂದುಕೊಡುತ್ತದೆ!

ತತ್‌ಕ್ಷಣದ ಚಾಟ್‌ನಲ್ಲಿ ಇಲ್ಲದಿರುವುದು ಈ ಸಾವಧಾನವೇ. ಕಾಗದ ಬರೆಯುತ್ತಿದ್ದ ಕಾಲದಲ್ಲಿ ಸಿಟ್ಟು ಆರುವುದಕ್ಕೆ ದಿನಗಟ್ಟಲೆ ವ್ಯವಧಾನವಿತ್ತು; ಈಗ ಅದು ಸೆಕೆಂಡುಗಳಿಗೆ ಇಳಿದಿದೆ. ಮುಖಭಾವವೂ ಧ್ವನಿಯ ಏರಿಳಿತವೂ ಅಕ್ಷರಗಳಲ್ಲಿ ಕಾಣುವುದಿಲ್ಲ. ಒಂದು ಭಾಷೆಯ ಸಲಿಗೆಯ ಏಕವಚನ ಮತ್ತೊಂದು ಭಾಷೆಯವನಿಗೆ ಅವಮಾನವಾಗಿ ಕೇಳಿಸಬಹುದು. ಜೋಯಿಡಾದ ಗುಡ್ಡ ಕಣಿವೆಗಳು ರೇಡಿಯೋ ಅಲೆಗಳಿಗೆ ಅಡ್ಡವಾಗುವುದರಿಂದ ಅಲ್ಲಿನ ಸದಸ್ಯನ ಉತ್ತರ ತಡವಾಗಿ ತಲಪಿ, ಬೇರೊಬ್ಬನ ಮಾತಿನ ಕೆಳಗೆ ಬಿದ್ದು, ಅನರ್ಥಕ್ಕೆ ಎಡೆಮಾಡಿಕೊಡಬಹುದು. ಟೆಲಿಗ್ರಾಂನಲ್ಲಿ 2019ರಿಂದ ಇರುವ ‘ಸ್ಲೋ ಮೋಡ್’ ಎಂಬ ಏರ್ಪಾಡು ಒಬ್ಬನ ಎರಡು ಮಾತುಗಳ ನಡುವೆ ನಿಗದಿಯಾದ ಅಂತರವನ್ನು ಕಡ್ಡಾಯಗೊಳಿಸುತ್ತದೆ. ಅದು ಮಾಡುವ ಕೆಲಸ ವಿಳಂಬಿತ ನ್ಯೂಟ್ರಾನುಗಳ ಕೆಲಸವೇ.

ಹತೋಟಿ ತಪ್ಪಿದರೆ ನಷ್ಟವಾಗುವುದು ಸ್ನೇಹ ಮಾತ್ರವಲ್ಲ. 2018ರ ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿ ಗ್ರಾಮದ ಬಳಿ, ಮಕ್ಕಳ ಕಳ್ಳರೆಂಬ ಸುಳ್ಳುಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ಹರಡಿ, ಹೈದರಾಬಾದಿನಿಂದ ಬಂದಿದ್ದ ಒಬ್ಬ ತರುಣ ಇಂಜಿನಿಯರನನ್ನು ಜನರ ಗುಂಪು ಹೊಡೆದು ಕೊಂದಿತು. ಅದೇ ತಿಂಗಳು ಆ ಸಂಸ್ಥೆಯು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಿಂತ ಹೆಚ್ಚಿಗೆ ರವಾನಿಸಲಾಗದಂತೆ ಮಿತಿ ಹಾಕುವುದಾಗಿ ಪ್ರಕಟಿಸಿತು. ಇದರ ಫಲವನ್ನು ಲೆಕ್ಕದಿಂದ ಊಹಿಸಬಹುದು: ಪ್ರತಿಯೊಬ್ಬನೂ 20 ಕಡೆಗೆ ಕಳುಹಿಸಿದರೆ ಮೂರನೆಯ ಮೆಟ್ಟಿಲಿನಲ್ಲಿ 8,000, ಐದು ಕಡೆಗಾದರೆ 125. 2020ರ ಏಪ್ರಿಲ್‌ನಲ್ಲಿ, ಹಲವು ಬಾರಿ ಕೈಬದಲಾದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆಗೆ ಕಳುಹಿಸುವಂತೆ ಮಿತಿಗೊಳಿಸಿದ ಮೇಲೆ, ಅಂತಹ ಸಂದೇಶಗಳ ರವಾನೆ ಶೇಕಡಾ 70ರಷ್ಟು ತಗ್ಗಿತೆಂದು ಸಂಸ್ಥೆಯೇ ತಿಳಿಸಿತು.

ಯಂತ್ರದ ಮಿತಿಗಳು ಹೀಗಿರಲಿ. ಮನುಷ್ಯರೇ ಒಪ್ಪಿ ನಡೆಸುವ ನಿಯಮಗಳಿಗೆ ನಿದರ್ಶನವನ್ನು ನಾವು ಮುಂಡಗೋಡಿನಲ್ಲಿಯೇ ಕಾಣಬಹುದು. ಅಲ್ಲಿ 1966ರಲ್ಲಿ ಆರಂಭವಾದ ಟಿಬೆಟನ್ ವಸಾಹತಿನಲ್ಲಿರುವ ಡ್ರೆಪುಂಗ್ ಮತ್ತು ಗಂದೆನ್ ವಿಹಾರಗಳ ಅಂಗಳದಲ್ಲಿ ಭಿಕ್ಷುಗಳು ಶಾಸ್ತ್ರವಾದ ನಡೆಸುತ್ತಾರೆ. ಪ್ರಶ್ನಿಸುವವರು ನಿಂತಿರುತ್ತಾರೆ, ಉತ್ತರಿಸುವವರು ಕುಳಿತಿರುತ್ತಾರೆ. ಪ್ರಶ್ನೆ ಮುಗಿದೊಡನೆ ಕಾಲನ್ನು ಅಪ್ಪಳಿಸಿ ಚಪ್ಪಾಳೆ ತಟ್ಟುವ ರಭಸವನ್ನು ಕಂಡ ಹೊಸಬರು ಅದನ್ನು ಜಗಳವೆಂದೇ ತಿಳಿದಾರು. ಆದರೆ ಉತ್ತರಗಳು ಬಹುಮಟ್ಟಿಗೆ ನಿಯತವಾದವು: ‘ಒಪ್ಪುತ್ತೇನೆ’, ‘ಏಕೆ?’, ‘ಹೇತು ಸಿದ್ಧವಾಗಿಲ್ಲ’, ‘ವ್ಯಾಪ್ತಿ ಇಲ್ಲ’. ಇವೆಲ್ಲವೂ ಎದುರಾಳಿಯ ಮಾತಿಗೆ ತಗಲುತ್ತವೆಯೇ ಹೊರತು ಆತನ ಕುಲ, ಊರು, ಬುದ್ಧಿಗಳಿಗೆ ತಗಲುವುದಿಲ್ಲ. ವಿಹಾರದ ಶಿಸ್ತನ್ನು ಕಾಯಲು ‘ಗೆಕೊ’ ಎಂಬ ಅಧಿಕಾರಿಯೂ ಇರುತ್ತಾರೆ. ಹೀಗೆ ಬಿಸಿ ಇದ್ದರೂ ಬೆಂಕಿ ಹತ್ತುವುದಿಲ್ಲ.

ಇವುಗಳಿಂದ ವಿದ್ಯಾರ್ಥಿಗಳ ಗುಂಪಿನ ಅಡ್ಮಿನ್ ಕಲಿಯಬೇಕಾದುದು ಮೂರು ವಿಷಯಗಳು. ಮೊದಲನೆಯದು, ನಿಯಮಗಳು ಕೆಲವೇ ಇರಬೇಕು, ಜಗಳಕ್ಕೆ ಮುಂಚೆಯೇ ಎಲ್ಲರಿಗೂ ತಿಳಿದಿರಬೇಕು ಮತ್ತು ಅಡ್ಮಿನ್‌ನ ಗೆಳೆಯರಿಗೂ ಸಮನಾಗಿ ಅನ್ವಯಿಸಬೇಕು. ಎರಡನೆಯದು, ದಂಡವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸಬೇಕು: ಮೊದಲು ತಪ್ಪು ಮಾಡಿದವನಿಗೆ ಪ್ರತ್ಯೇಕವಾಗಿ ಒಂದು ಸೌಮ್ಯವಾದ ಮಾತು, ಆಮೇಲೆ ಆ ಸಂದೇಶವನ್ನು ಅಳಿಸುವುದು, ಅದೂ ಸಾಲದಿದ್ದರೆ ಸ್ವಲ್ಪ ಹೊತ್ತು ಅಡ್ಮಿನ್ ಮಾತ್ರ ಬರೆಯುವಂತೆ ಮಾಡುವುದು, ಗುಂಪಿನಿಂದ ಹೊರಹಾಕುವುದು ಕಟ್ಟಕಡೆಗೆ. ಎಲ್ಲರೆದುರಿಗೆ ಗದರಿಸುವ ಅಡ್ಮಿನ್ ತಾನೇ ಒಂದು ಹೊಸ ನ್ಯೂಟ್ರಾನನ್ನು ಬಿಟ್ಟಂತಾಗುತ್ತದೆ. ಮೂರನೆಯದು, ಒಳ್ಳೆಯ ಮಾತನ್ನು ಬೆಳೆಸಬೇಕು: ಹೊಸಬನ ಪ್ರಶ್ನೆಗೆ ಉತ್ತರ ಬಾರದೆ ಉಳಿಯಬಾರದು, ತಿಳಿಯದ ಭಾಷೆಯ ಮಾತಿಗೆ ಯಾರಾದರೂ ಅರ್ಥ ಹೇಳಬೇಕು.

ಉಪಮಾನಕ್ಕೆ ಒಂದು ಮಿತಿಯುಂಟು. ಬಂದು ಬಡಿದ ನ್ಯೂಟ್ರಾನಿಗೆ ಉತ್ತರ ಕೊಡಬೇಕೆ, ಬೇಡವೆ ಎಂದು ಯುರೇನಿಯಂ ಬೀಜ ಆಲೋಚಿಸಲಾರದು. ಮನುಷ್ಯನು ಆಲೋಚಿಸಬಲ್ಲನು. ಗುಂಪಿನ ಗುಣಕಾಂಕವೆಂಬುದು ಅದರ ಸದಸ್ಯರ ಉತ್ತರಗಳ ಸರಾಸರಿಯಲ್ಲದೆ ಬೇರೇನೂ ಅಲ್ಲ. ಆದ್ದರಿಂದ ಒಬ್ಬ ವಿದ್ಯಾರ್ಥಿ ಒಂದು ಕಟುನುಡಿಗೆ ಉತ್ತರ ಬರೆಯದೆ ಫೋನನ್ನು ಕೆಳಗಿಟ್ಟನೆಂದರೆ, ಆ ಸರಾಸರಿಯನ್ನು ಅಷ್ಟರಮಟ್ಟಿಗೆ ಇಳಿಸಿದನೆಂದೇ ಲೆಕ್ಕ.