ಚಿಪ್ ಹಾಕಿಸಿದ ಗೇಮ್ ಕನ್ಸೋಲ್: ಕಂಪನಿಯ ಬ್ಯಾನ್, ಕಾನೂನಿನ ಶಿಕ್ಷೆ, ಖರೀದಿದಾರರ ಹಕ್ಕು

ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ನಿಂಟೆಂಡೊ ಸ್ವಿಚ್‌ನಂಥ ಗೇಮ್ ಕನ್ಸೋಲ್‌ಗೆ ಚಿಪ್ ಹಾಕಿಸಿ ಅಥವಾ ಅದರ ಸಾಫ್ಟ್‌ವೇರ್ ಬದಲಿಸಿ ಪೈರೇಟೆಡ್ ಗೇಮ್ ಆಡುವವರಿಗೆ ಎರಡು ಕಡೆಯಿಂದ ಪೆಟ್ಟು ಬೀಳಬಹುದು. ಒಂದು, ಯಂತ್ರ ತಯಾರಿಸಿದ ಕಂಪನಿ ಹಾಕುವ ಬ್ಯಾನ್. ಇನ್ನೊಂದು, 1957ರ ಕೃತಿಸ್ವಾಮ್ಯ ಕಾಯ್ದೆಯಡಿ ಮೊಕದ್ದಮೆ. ಇವೆರಡೂ ಬೇರೆ ಬೇರೆ. ಮೊಕದ್ದಮೆಗೆ ದೂರು, ತನಿಖೆ, ಸಾಕ್ಷಿ ಎಲ್ಲವೂ ಬೇಕು. ಬ್ಯಾನ್‌ಗೆ ಇದ್ಯಾವುದೂ ಬೇಕಿಲ್ಲ. ಖಾತೆ ತೆರೆಯುವಾಗ ಓದದೆಯೇ ಒಪ್ಪಿಕೊಂಡ ಕರಾರೇ ಕಂಪನಿಗೆ ಆ ಅಧಿಕಾರ ಕೊಟ್ಟಿರುತ್ತದೆ.

ಪ್ರತಿ ಕನ್ಸೋಲ್‌ಗೂ ತನ್ನದೇ ಗುರುತಿನ ಸಂಖ್ಯೆ, ಡಿಜಿಟಲ್ ಪ್ರಮಾಣಪತ್ರ ಇರುತ್ತವೆ. ಇಂಟರ್ನೆಟ್‌ಗೆ ಜೋಡಿಸಿದೊಡನೆ ಯಂತ್ರವು ಆ ಗುರುತನ್ನೂ, ತನ್ನಲ್ಲಿ ಯಾವ ಗೇಮ್ ಓಡುತ್ತಿದೆ ಎಂಬುದನ್ನೂ ಕಂಪನಿಯ ಸರ್ವರ್‌ಗೆ ತಿಳಿಸುತ್ತದೆ. ಸ್ವಿಚ್‌ನ ಅಸಲಿ ಗೇಮ್ ಕಾರ್ಡ್‌ಗೂ ಪ್ರತ್ಯೇಕ ಪ್ರಮಾಣಪತ್ರವುಂಟು. ಒಂದೇ ಪ್ರಮಾಣಪತ್ರ ಎರಡು ಊರುಗಳಲ್ಲಿ ಏಕಕಾಲಕ್ಕೆ ಕಂಡರೆ ಸಿಕ್ಕಿಬೀಳಲು ಅಷ್ಟು ಸಾಕು. ಖಾತೆಗೆ ಬ್ಯಾನ್ ಬಿದ್ದರೆ ಹಣ ಕೊಟ್ಟು ಕೊಂಡ ಡಿಜಿಟಲ್ ಗೇಮ್‌ಗಳೂ ಕೈತಪ್ಪಬಹುದು. ಯಂತ್ರಕ್ಕೇ ಬ್ಯಾನ್ ಬಿದ್ದರೆ ಅದು ಯಂತ್ರದ ಜತೆಗೇ ಉಳಿಯುತ್ತದೆ; ಮಾಲೀಕರು ಬದಲಾದರೂ, ಹೊಸ ಖಾತೆ ತೆರೆದರೂ ಹೋಗುವುದಿಲ್ಲ.

2009ರ ನವೆಂಬರ್‌ನಲ್ಲಿ ಮೈಕ್ರೋಸಾಫ್ಟ್ ಮಾರ್ಪಡಿಸಿದ ಎಕ್ಸ್‌ಬಾಕ್ಸ್ 360 ಯಂತ್ರಗಳನ್ನು ಸಾಮೂಹಿಕವಾಗಿ ಬ್ಯಾನ್ ಮಾಡಿತು. ಪತ್ರಿಕೆಗಳು ಆಗ ಅಂದಾಜಿಸಿದ ಸಂಖ್ಯೆ 6ರಿಂದ 10 ಲಕ್ಷ. 2011ರಲ್ಲಿ ಸೋನಿ ಪ್ಲೇಸ್ಟೇಷನ್ 3 ಬಳಕೆದಾರರ ಮೇಲೆ ಇದೇ ಕ್ರಮಕ್ಕಿಳಿಯಿತು. ನಿಂಟೆಂಡೊ 2025ರ ಮೇ ತಿಂಗಳಲ್ಲಿ ಅಮೆರಿಕದ ಕರಾರನ್ನು ತಿದ್ದಿ, ನಿಯಮ ಮೀರಿದರೆ ಯಂತ್ರವನ್ನೇ ಶಾಶ್ವತವಾಗಿ ನಿರುಪಯುಕ್ತಗೊಳಿಸಬಹುದು ಎಂದು ಬರೆದುಕೊಂಡಿತು. ಜೂನ್ 5ರಂದು ಸ್ವಿಚ್ 2 ಮಾರುಕಟ್ಟೆಗೆ ಬಂದ ಕೆಲವೇ ದಿನಗಳಲ್ಲಿ, ಗೇಮ್ ನಕಲು ತುಂಬುವ ಕಾರ್ಡ್ ಬಳಸಿದವರ ಪರದೆಯಲ್ಲಿ 2124-4508 ಎಂಬ ದೋಷಸಂಖ್ಯೆ ಕಾಣಿಸಿತು. ಆನ್‌ಲೈನ್ ಸೇವೆ ಬಂದಾಯಿತು. ಬ್ರೆಜಿಲ್‌ನ ಸಾವೊ ಪಾಲೊ ಗ್ರಾಹಕ ರಕ್ಷಣಾ ಸಂಸ್ಥೆ ಈ ಬಗೆಯ ಕರಾರನ್ನು ಪ್ರಶ್ನಿಸಿತು. ಕಾಸು ಕೊಟ್ಟು ಕೊಂಡ ವಸ್ತುವನ್ನು ಮಾರಿದವರೇ ದೂರದಿಂದ ಕೆಡಿಸಬಹುದೇ ಎಂಬ ಪ್ರಶ್ನೆ ನ್ಯಾಯವಾದದ್ದೇ. ಭಾರತದಲ್ಲಿ ಅನ್ಯಾಯದ ಕರಾರಿನ ವಿರುದ್ಧ ದೂರು ಕೊಡಲು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಅವಕಾಶವಿದೆ, ಆದರೆ ಅದು ಜಿಲ್ಲಾ ಗ್ರಾಹಕ ಆಯೋಗದ ಮುಂದಲ್ಲ, ಕರ್ನಾಟಕದವರಾದರೆ ಬೆಂಗಳೂರಿನ ರಾಜ್ಯ ಆಯೋಗದ ಮುಂದೆ. ಪೈರೇಟೆಡ್ ಗೇಮ್ ಆಡಿ ಬ್ಯಾನ್ ಆದವರು ಅಲ್ಲಿಗೆ ಹೋದರೆ ವಾದ ನಿಲ್ಲುವುದು ಕಷ್ಟ.

ಇನ್ನು ಕೃತಿಸ್ವಾಮ್ಯ ಕಾಯ್ದೆಯ ವಿಷಯ. ಗೇಮ್ ಎಂದರೆ ಕಾನೂನಿನ ದೃಷ್ಟಿಯಲ್ಲಿ ಕಂಪ್ಯೂಟರ್ ಪ್ರೋಗ್ರಾಮ್. ಅದರ ಅನಧಿಕೃತ ಪ್ರತಿ ಮಾಡಿ ಮಾರಿದರೆ ಸೆಕ್ಷನ್ 63ರಡಿ 6 ತಿಂಗಳಿಂದ 3 ವರ್ಷ ಜೈಲು, 50 ಸಾವಿರದಿಂದ 2 ಲಕ್ಷ ರೂಪಾಯಿ ದಂಡ. ಇದು ಸಂಜ್ಞೇಯ, ಜಾಮೀನುರಹಿತ ಅಪರಾಧವೆಂದು ಸುಪ್ರೀಂ ಕೋರ್ಟ್ 2022ರ ಮೇ 20ರಂದು ನಿಟ್ ಪ್ರೊ ಪ್ರಕರಣದಲ್ಲಿ ಹೇಳಿದೆ. ನಕಲಿ ಎಂದು ಗೊತ್ತಿದ್ದೂ ಬಳಸಿದವರಿಗೆ ಸೆಕ್ಷನ್ 63ಬಿ: 7 ದಿನದಿಂದ 3 ವರ್ಷ ಜೈಲು, ಜತೆಗೆ ಅಷ್ಟೇ ದಂಡ. ಲಾಭಕ್ಕಾಗಿ, ವ್ಯಾಪಾರಕ್ಕಾಗಿ ಬಳಸಿಲ್ಲವಾದರೆ ನ್ಯಾಯಾಲಯ ಜೈಲು ಬಿಟ್ಟು 50 ಸಾವಿರದವರೆಗಿನ ದಂಡಕ್ಕೇ ನಿಲ್ಲಿಸಬಹುದು. ಗಂಟೆಗಿಷ್ಟು ಎಂದು ಹಣ ಪಡೆದು ಆಡಿಸುವ ಗೇಮಿಂಗ್ ಸೆಂಟರ್‌ಗೆ ಈ ರಿಯಾಯಿತಿ ಇಲ್ಲ.

ಚಿಪ್ ಹಾಕುವುದಕ್ಕೆ ಸಂಬಂಧಿಸಿದ್ದು 2012ರ ತಿದ್ದುಪಡಿಯಲ್ಲಿ ಸೇರಿದ ಸೆಕ್ಷನ್ 65ಎ. ಕೃತಿಸ್ವಾಮ್ಯ ಮುರಿಯುವ ಉದ್ದೇಶದಿಂದ ಡಿಜಿಟಲ್ ಬೀಗ ಒಡೆದರೆ 2 ವರ್ಷದವರೆಗೆ ಜೈಲು ಮತ್ತು ದಂಡ. ಇಲ್ಲಿ ಉದ್ದೇಶವೇ ಮುಖ್ಯ. ಸ್ವಂತ ಪ್ರೋಗ್ರಾಮ್ ಓಡಿಸಲೆಂದು ಮಾರ್ಪಡಿಸಿದರೆ ಅದು ಈ ಸೆಕ್ಷನ್‌ಗೆ ಬರುವುದಿಲ್ಲ, ಆದರೆ ಕಂಪನಿ ಅದನ್ನೂ ಬ್ಯಾನ್ ಮಾಡಬಹುದು. ಕಾನೂನುಬದ್ಧ ಉದ್ದೇಶಕ್ಕೆ ಬೀಗ ಒಡೆದುಕೊಡುವ ಅಂಗಡಿಯವರೂ ಮಾಡಿಸಿದವರ ಹೆಸರು, ವಿಳಾಸ, ಉದ್ದೇಶ ಬರೆದಿಡಬೇಕು. ಈ ಸೆಕ್ಷನ್ ಒಂದೇ ಇದ್ದರೆ ಮ್ಯಾಜಿಸ್ಟ್ರೇಟ್ ಆದೇಶವಿಲ್ಲದೆ ಪೊಲೀಸರು ತನಿಖೆ ನಡೆಸುವಂತಿಲ್ಲ.

ವ್ಯಾಪಾರಿಗಳಿಗೆ ಕರ್ನಾಟಕದಲ್ಲಿ ಇನ್ನೊಂದು ಕತ್ತಿಯೂ ತೂಗುತ್ತಿದೆ. ಗೂಂಡಾ ಕಾಯ್ದೆ ಎಂದೇ ಜನ ಕರೆಯುವ 1985ರ ಕಾಯ್ದೆಗೆ 2014ರಲ್ಲಿ ‘ಡಿಜಿಟಲ್ ಅಪರಾಧಿ’ ಎಂಬ ವರ್ಗ ಸೇರಿತು. ವಾಣಿಜ್ಯ ಉದ್ದೇಶಕ್ಕೆ ಸಾಫ್ಟ್‌ವೇರ್ ಕೃತಿಸ್ವಾಮ್ಯ ಮುರಿಯುವವರು ಅದರೊಳಗೆ ಬರುತ್ತಾರೆ. 12 ತಿಂಗಳವರೆಗೆ ಮುನ್ನೆಚ್ಚರಿಕೆ ಬಂಧನ ಸಾಧ್ಯ. ಗೇಮ್ ಲೋಡ್ ಮಾಡಿಕೊಡುವ ಸಣ್ಣ ಅಂಗಡಿಗೆ ಇದು ಅತಿಯಾದ ಅಸ್ತ್ರವೇ ಸರಿ, ಆದರೆ ಕಾನೂನಿನಲ್ಲಿದೆ.

ಸಬ್ ಇನ್‌ಸ್ಪೆಕ್ಟರ್ ಮತ್ತು ಮೇಲಿನ ದರ್ಜೆಯ ಅಧಿಕಾರಿ ಕೃತಿಸ್ವಾಮ್ಯ ಕಾಯ್ದೆಯ ಸೆಕ್ಷನ್ 64ರಡಿ ವಾರಂಟ್ ಇಲ್ಲದೆ ನಕಲಿ ಪ್ರತಿಗಳನ್ನು ಜಪ್ತಿ ಮಾಡಬಹುದು. ಜಪ್ತಿಯ ಆಡಿಯೊ-ವಿಡಿಯೊ ಚಿತ್ರೀಕರಣ ಈಗ ಕಡ್ಡಾಯ; ಪಟ್ಟಿಗೆ ಸಾಕ್ಷಿಗಳ ಸಹಿಯೂ ಇರಬೇಕು. ಜಪ್ತಿಯಾದ ಪ್ರತಿಗಳಲ್ಲಿ ತಮಗೆ ಹಕ್ಕಿದೆ ಎನ್ನುವವರು 15 ದಿನಗಳೊಳಗೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಬೇಕು. ಶಿಕ್ಷೆ 7 ವರ್ಷದೊಳಗಿನದಾದ್ದರಿಂದ ಸಾಮಾನ್ಯವಾಗಿ ಮೊದಲು ಹಾಜರಾತಿ ನೋಟಿಸ್ ಬರುತ್ತದೆ. ಬಂಧಿಸಿದರೆ ಕಾರಣ ತಿಳಿಸಬೇಕು, ಮನೆಯವರಿಗೆ ಸುದ್ದಿ ಮುಟ್ಟಿಸಬೇಕು, 24 ಗಂಟೆಯೊಳಗೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಬೇಕು. ಹದಿನೆಂಟು ತುಂಬದ ಹುಡುಗ ಸಿಕ್ಕಿದರೆ ಠಾಣೆಯ ಲಾಕಪ್‌ಗೆ ಹಾಕುವಂತಿಲ್ಲ. ಪ್ರಕರಣ ಬಾಲನ್ಯಾಯ ಮಂಡಳಿಗೆ ಸೇರಿದ್ದು.

ಹೆಚ್ಚಿನವರು ನಿಜವಾಗಿ ಸಿಕ್ಕಿಕೊಳ್ಳುವುದು ಸೆಕೆಂಡ್ ಹ್ಯಾಂಡ್ ಖರೀದಿಯಲ್ಲಿ. ಬೆಂಗಳೂರಿನಿಂದ ಕಡಿಮೆ ಬೆಲೆಗೆ ಕೋಲಾರ ಜಿಲ್ಲೆಯ ಮಾಲೂರಿಗೋ ಮುಳಬಾಗಿಲಿಗೋ ತಂದ ಯಂತ್ರ ಮನೆಯಲ್ಲಿ ವೈಫೈಗೆ ಸೇರಿಸಿದಾಗಲೇ ಬ್ಯಾನ್ ಆದದ್ದೆಂದು ಗೊತ್ತಾಗುತ್ತದೆ. ಹಣ ಕೊಡುವ ಮೊದಲು ಮೊಬೈಲ್ ಹಾಟ್‌ಸ್ಪಾಟ್‌ಗೆ ಜೋಡಿಸಿ ಕಂಪನಿಯ ಆನ್‌ಲೈನ್ ಸ್ಟೋರ್ ತೆರೆದು ನೋಡಬೇಕು. ಯಂತ್ರದ ಹಿಂಭಾಗದ ಸೀರಿಯಲ್ ಸಂಖ್ಯೆಯೂ ಸೆಟ್ಟಿಂಗ್ಸ್‌ನಲ್ಲಿ ಕಾಣುವ ಸಂಖ್ಯೆಯೂ ಒಂದೇ ಇರಬೇಕು. ಕೊಂಡವರಿಗೆ ಗೇಮ್ ಉಚಿತ ಎಂದು ಮಾರುವವರು ನೂರಾರು ಗೇಮ್ ತುಂಬಿಕೊಟ್ಟಿದ್ದರೆ ಅದೇ ದೊಡ್ಡ ಸುಳಿವು. ಬಿಲ್ಲಿನಲ್ಲಿ ಆ ಸೀರಿಯಲ್ ಸಂಖ್ಯೆ ಬರೆಸಿಕೊಳ್ಳಬೇಕು.

ಅಂಗಡಿಯವರು ಬ್ಯಾನ್ ಮುಚ್ಚಿಟ್ಟು ಮಾರಿದ್ದರೆ ಅದು ಅನುಚಿತ ವ್ಯಾಪಾರ ಪದ್ಧತಿ. ಮೊದಲು ಲಿಖಿತ ನೋಟಿಸ್ ಕೊಡುವುದು, 1915 ಸಹಾಯವಾಣಿಗೆ ಹೇಳುವುದು ಒಳ್ಳೆಯದು. ಕೆಲಸ ಆಗದಿದ್ದರೆ ಈ ಜಿಲ್ಲೆಯವರು ಕೊಡಬೇಕಾದದ್ದು ಕೋಲಾರದ ಜಿಲ್ಲಾ ಗ್ರಾಹಕ ವ್ಯಾಜ್ಯ ಪರಿಹಾರ ಆಯೋಗಕ್ಕೆ ದೂರು. ಅಂಗಡಿ ಬೆಂಗಳೂರಿನಲ್ಲಿದ್ದರೂ ದೂರುದಾರರು ಶ್ರೀನಿವಾಸಪುರದಲ್ಲಿ ವಾಸವಿದ್ದರೆ ಕೋಲಾರದಲ್ಲೇ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ; ಇ-ಜಾಗೃತಿ ಜಾಲತಾಣದಲ್ಲೂ ಸಲ್ಲಿಸಬಹುದು. ಅಂಗಡಿಯಲ್ಲದೆ ಖಾಸಗಿ ವ್ಯಕ್ತಿ ಆ್ಯಪ್ ಮೂಲಕ ಮಾರಿದ್ದರೆ ಈ ದಾರಿ ಇಲ್ಲ. ಗೊತ್ತಿದ್ದೂ ಮೋಸ ಮಾಡಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 318ರಡಿ ವಂಚನೆ ದೂರು ಕೊಡಬೇಕು. ಆನ್‌ಲೈನ್‌ನಲ್ಲಿ ಹಣ ಪಡೆದು ಯಂತ್ರವನ್ನೇ ಕಳಿಸದಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ತಾಲ್ಲೂಕುಗಳ ಠಾಣೆಗಳು ಕೋಲಾರ ಎಸ್‌ಪಿ ವ್ಯಾಪ್ತಿಯವು, ಕೆಜಿಎಫ್‌ಗೆ ಬೇರೆ ಎಸ್‌ಪಿ ಇದ್ದಾರೆ. ಠಾಣೆಯಲ್ಲಿ ಎಫ್‌ಐಆರ್ ದಾಖಲಿಸದಿದ್ದರೆ ಎಸ್‌ಪಿಗೆ ಬರೆದು ಕೊಡಬೇಕು, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟ್‌ಗೆ ಅರ್ಜಿ ಹಾಕಬೇಕು.

ವಕೀಲರ ನೆರವು ಬೇಕಾದವರು ಕೋಲಾರದ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರವನ್ನೋ ತಾಲ್ಲೂಕು ನ್ಯಾಯಾಲಯದಲ್ಲಿರುವ ಸಮಿತಿಯನ್ನೋ ಕೇಳಬಹುದು, ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ. ಚಿಪ್ ಹಾಕಿದ್ದೆಂದು ತಿಳಿದೇ ಅಗ್ಗಕ್ಕೆ ಕೊಂಡವರಿಗೆ ಮಾತ್ರ ಯಾವ ಆಯೋಗದಲ್ಲೂ ಪರಿಹಾರ ಸಿಗುವುದು ಕಷ್ಟ. ಉಳಿದವರು ಬಿಲ್ಲು, ಜಾಹೀರಾತಿನ ಸ್ಕ್ರೀನ್‌ಶಾಟ್, ದೋಷಸಂಖ್ಯೆಯ ಫೋಟೊ ಜೋಪಾನವಾಗಿಡಲಿ. ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಲು ಇರುವ ಅವಧಿ ಎರಡು ವರ್ಷ.